ಇನ್ನೂರ ಹನ್ನೆರಡನೆಯ ಚಿತ್ರ ತಲೆಕೆಳಗು

ಫಿಲ್ಮ್ ಸ್ಲೈಡಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಮೆತ್ತನೆಯ ಒಣ ಕುಂಚ ಬೇಕು. ಅಂಚು ಹಿಡಿದು ಎತ್ತಬೇಕು, ಎರಡು ಸಲ ಸವರಬೇಕು, ಉಸಿರು ತಾಗದಂತೆ ಬೆಳಕಿನ ಪೆಟ್ಟಿಗೆಯ ಮೇಲಿಡಬೇಕು.

ನಾನು ಅದನ್ನೇ ಮಾಡುತ್ತಿದ್ದೆ. ಎದುರಿಗೆ, ನನಗೆ ಕೆಲಸ ಕೊಟ್ಟ ಬರ್ನೀಸ್ ಕಾಫಿ ಲೋಟ ಹಿಡಿದು ಕೂತಿದ್ದರು. ಅವರು ಇಷ್ಟು ಹೊತ್ತು ಮಾತಾಡದೆ ಕೂತದ್ದನ್ನು ಈ ಎರಡು ವರ್ಷದಲ್ಲಿ ನಾನು ನೋಡಿರಲಿಲ್ಲ. ಕೆಳಗಿನ ಬೇಕರಿಯಲ್ಲಿ ತಟ್ಟೆಗಳನ್ನು ಸರಿಸುವ ಸದ್ದು ಮಾತ್ರ ಮೇಲೆ ಬರುತ್ತಿತ್ತು.

ಇನ್ನೂರ ಐದು. ಇನ್ನೂರ ಆರು. ಒಂದೊಂದೂ ಅಮ್ಮ ಬರೆದ ಒಂದೊಂದು ಚಿತ್ರದ ಪುಟ್ಟ ಫೋಟೊ. ಒಂದೊಂದರ ರಟ್ಟಿನ ಚೌಕಟ್ಟಿನ ಮೇಲೂ ಅಮ್ಮನ ಕೈಬರಹ: ಲೆಂಪಿ ರಾಂತಾಲಾ, ಎಣ್ಣೆಬಣ್ಣ. ಒಂದೊಂದರ ಮೂಲೆಯಲ್ಲೂ ಒಂದು ಕೆಂಪು ಚುಕ್ಕಿ.

ಇನ್ನೂರ ಹನ್ನೆರಡು ಬಂತು. ಚುಕ್ಕಿಯನ್ನು ಎಡಗಡೆಯ ಕೆಳಮೂಲೆಗೆ ಬರುವಂತೆ ತಿರುಗಿಸಿಟ್ಟೆ. ಸ್ಲೈಡನ್ನು ಕೈಯಲ್ಲಿ ಹಿಡಿದು ನೋಡುವಾಗ ಚುಕ್ಕಿ ಅಲ್ಲಿದ್ದರೆ ಚಿತ್ರ ನೆಟ್ಟಗಿದೆ ಎಂದರ್ಥ. ಆ ಕಾಲದ ಕಲಾವಿದರೆಲ್ಲ ಹಾಗೆಯೇ ಗುರುತು ಮಾಡುತ್ತಿದ್ದರು.

"ಏನು ಕಾಣ್ತಿದೆ?" ಬರ್ನೀಸ್ ಕೇಳಿದರು.

"ನೀಲಿ ಮೇಲಿದೆ."

"ನಮ್ಮ ಜಾಲತಾಣದಲ್ಲಿ?"

"ಕೆಳಗಿದೆ."

"ಹಾಗಾದ್ರೆ ಆ ಪುಣ್ಯಾತ್ಮರು ಹೇಳಿದ್ದು ಸರಿ. ಮೂರು ವರ್ಷದಿಂದ ನಿಮ್ಮಮ್ಮನ ಚಿತ್ರಾನ ಬಾವಲಿ ಥರ ನೇತುಹಾಕಿದೀವಿ."

ಹತ್ತು ದಿನದ ಹಿಂದೆ ನಮ್ಮ ತಾಣದ ದೂರಿನ ಪುಟದಿಂದ ಒಂದೇ ಸಾಲು ಬಂದಿತ್ತು: 'ಚಿತ್ರ ೨೧೨ ತಲೆಕೆಳಗಾಗಿದೆ, ದಯವಿಟ್ಟು ಸರಿಪಡಿಸಿ.' ಕಳಿಸಿದವರ ಹೆಸರಿರಲಿಲ್ಲ.

ಆ ಚಿತ್ರದಲ್ಲಿ ಮನೆ ಇಲ್ಲ, ಮರ ಇಲ್ಲ, ಮನುಷ್ಯರಿಲ್ಲ. ಒಂದು ದಟ್ಟ ನೀಲಿ, ಅದರ ಅಂಚಿಗೆ ಎಳೆದ ಮಣ್ಣುಬಣ್ಣದ ಒಂದು ಗೆರೆ, ಅಷ್ಟೆ. ನೋಡಿದವರು ಸರೋವರ ಅನ್ನುತ್ತಾರೆ, ನೀಲಿಯನ್ನು ಕೆಳಗೇ ಬಯಸುತ್ತಾರೆ. ಅದು ತಲೆಕೆಳಗು ಎಂದು ಹೇಳಬಲ್ಲವರು ಇಬ್ಬರೇ. ಅದನ್ನು ಗೋಡೆಗೆ ಹಾಕಿಕೊಂಡು ದಿನವೂ ನೋಡುವವರು. ಇಲ್ಲವೇ ಬರೆದವಳು.

ಬರೆದವಳು ಹನ್ನೊಂದು ವರ್ಷದ ಹಿಂದೆ, ನನಗೆ ಒಂಬತ್ತಾಗಿದ್ದಾಗ, ವಿನಿಪೆಗ್‌ನಲ್ಲಿ ಪ್ರದರ್ಶನ ಇದೆ, ಶನಿವಾರದ ಸೌನಾ ಹಬೆಸ್ನಾನಕ್ಕೆ ಮನೆಗೆ ಬಂದುಬಿಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ್ದಳು. ನನ್ನನ್ನು ಸಾಕಿದ ಅಜ್ಜಿ, ಮುಮ್ಮು, ಎಷ್ಟೋ ಶನಿವಾರ ಮೂರನೆಯ ಟವೆಲ್ಲನ್ನೂ ತೆಗೆದಿಡುತ್ತಿದ್ದಳು. ಒಂದು ಶನಿವಾರ ಎರಡೇ ತೆಗೆದಳು.

"ಇನ್ನೊಂದು ವಿಷಯ ನಿಂಗೆ ಹೇಳಿಲ್ಲ ಸಾಯ್ಮಿ," ಬರ್ನೀಸ್ ಲೋಟ ಕೆಳಗಿಟ್ಟರು. "ಹೇಳಿದ್ರೆ ಊಟ ಬಿಡ್ತೀಯ ಅಂತ."

"ಹೇಳಿ."

"ದೂರು ಕಳಿಸೋಕೆ ಮುಂಚೆ ಅವರು ಯಾವ ಪುಟ ನೋಡ್ತಿದ್ರು ಅನ್ನೋದೂ ಬಂದಿದೆ. 'ನಾವು ಯಾರು' ಅನ್ನೋ ಪುಟ. ಹನ್ನೊಂದು ನಿಮಿಷ ಅಲ್ಲೇ ಇದ್ರು."

ಆ ಪುಟದಲ್ಲಿರುವುದು ಎರಡೇ ಫೋಟೊ. ಒಂದು ಬರ್ನೀಸ್ ಅವರದು. ಇನ್ನೊಂದರಲ್ಲಿ ನಾನು ಕ್ಯಾಮೆರಾ ತಪ್ಪಿಸಿ ನೆಲ ನೋಡುತ್ತಿದ್ದೇನೆ.

"ನನ್ನ ಮುಖಾನ ಹನ್ನೊಂದು ನಿಮಿಷ ನೋಡಿದೋರು ಯಾರೂ ಇಲ್ಲ ಕಣೇ. ಕಟ್ಟಿಕೊಂಡವನೂ ನೋಡಿಲ್ಲ," ಎಂದರು ಬರ್ನೀಸ್. ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ನಾನು ಇನ್ನೂರ ಹನ್ನೆರಡನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡೆ.

"ಎಲ್ಲಿಗೆ?"

"ವೆಂಡಲ್ ಹತ್ರ. ಚಿತ್ರಗಳೆಲ್ಲ ಮಾರಾಟ ಆದ್ವು ಅಂತಾನಲ್ಲ, ಕೊಂಡೋರ ಹೆಸರು ಕೇಳ್ತೀನಿ."

"ನೀನಾ? ಬೇಕರಿಯಲ್ಲಿ ಒಂದು ಪರ್ಷಿಯನ್ ಬನ್ನು ಕೊಡಿ ಅನ್ನಕ್ಕೆ ಮೂರು ಜನಾನ ಮುಂದೆ ಬಿಡ್ತೀಯ."

"ಕೇಳ್ತೀನಿ," ಎಂದೆ.

*

ನಮ್ಮ ತಾಣದ ಹೆಸರು ಉತ್ತರ ತೀರ ಕಲಾಸೂಚಿ. ನಮ್ಮೂರಾದ ಥಂಡರ್ ಬೇಯಿಂದ ಹಿಡಿದು ಸರೋವರದ ಈ ದಂಡೆಯ ಉದ್ದಕ್ಕೂ ಇರುವ ಚಿತ್ರಶಾಲೆಗಳು, ಕಲಾವಿದರ ಸಂಘಗಳು, ಚಿತ್ರ ಕಲಿಸುವ ಮನೆಗಳು, ಇವೆಲ್ಲ ಎಲ್ಲಿವೆ ಎಂದು ಹುಡುಕುವವರಿಗೆ ಒಂದೇ ಕಡೆ ಸಿಗಲಿ ಎಂದು ಬರ್ನೀಸ್ ಕಟ್ಟಿದ್ದು. ಇಲ್ಲಿನ ಕಲಾವಿದರ ಚಿತ್ರಗಳನ್ನು ತೆಗೆದಿಟ್ಟ ಹಳೆಯ ಸಾವಿರದ ಆರುನೂರು ಸ್ಲೈಡುಗಳ ಪ್ರತಿಯೂ ಅದರಲ್ಲಿದೆ.

ಶಾಲೆಯನ್ನು ಹತ್ತನೇ ತರಗತಿಗೇ ಬಿಟ್ಟ ನನಗೆ ಅವರು ಕೊಟ್ಟ ಕೆಲಸ ಸುಲಭದ್ದು. ವಾರಕ್ಕೊಮ್ಮೆ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡಬೇಕು. ತೆರೆಯದಿದ್ದರೆ ಆ ಸಂಸ್ಥೆಗೆ ಫೋನ್ ಮಾಡಬೇಕು. ಫೋನೂ ಎತ್ತದಿದ್ದರೆ ಹೆಸರು ತೆಗೆದುಹಾಕಬೇಕು.

ನಾನು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಒಂದು ತಾಣದಿಂದ ಇನ್ನೊಂದು ತಾಣಕ್ಕೆ ಹೋಗುತ್ತಿದ್ದೆ. ಕೆನೋರಾದ ಸಂಘ, ವಿನಿಪೆಗ್‌ನ ಮುದ್ರಣ ಕಲಾವಿದರು, ಹ್ಯಾಲಿಫ್ಯಾಕ್ಸ್‌ನ ಹಡಗುಕಟ್ಟೆ ಹತ್ತಿರದ ಚಿತ್ರಶಾಲೆ. ಎಲ್ಲ ಕಡೆಯೂ ಮೇಲ್ಗಡೆ ಒಂದು ಬಿಳಿ ಪೆಟ್ಟಿಗೆ ಇರುತ್ತದೆ, ಇಲ್ಲಿ ಹುಡುಕಿ ಅನ್ನುತ್ತದೆ. ನಾನು ಪ್ರತಿ ಪೆಟ್ಟಿಗೆಯಲ್ಲೂ ಒಂದೇ ಹೆಸರು ಬರೆದೆ, ಲೆಂಪಿ ರಾಂತಾಲಾ. ಪ್ರತಿಯೊಂದೂ ಮರ್ಯಾದೆಯಿಂದ ಇಲ್ಲ ಅಂದಿತು. ಒಂದು ತಾಣ ಮಾತ್ರ, 'ನೀವು ಲ್ಯಾಂಪ್ ಎಂದು ಹುಡುಕುತ್ತಿದ್ದೀರಾ?' ಎಂದು ಕೇಳಿತು. ಆ ದಿನ ಹೌದು ಎಂದು ಒತ್ತಿ, ಯಾರ ಯಾರದೋ ದೀಪಗಳ ಚಿತ್ರಗಳನ್ನು ನೋಡುತ್ತಾ ಕೂತಿದ್ದೆ.

*

ವೆಂಡಲ್ ಪ್ರಾಕ್ಟರ್ ಅಂಗಡಿ ಎರಡು ಬೀದಿ ಆಚೆ. ಮುದುಕ ಪ್ರಾಕ್ಟರ್ ಇದ್ದಾಗ ಅದು ಚಿತ್ರಶಾಲೆ. ಅಮ್ಮನ ಹದಿನಾಲ್ಕು ಚಿತ್ರಗಳನ್ನು ಮಾರಿಕೊಡಲು ಇಟ್ಟುಕೊಂಡಿದ್ದು ಅವರೇ, ಸ್ಲೈಡುಗಳಿಗೆ ಸಂಖ್ಯೆ ಕೊಟ್ಟಿದ್ದೂ ಅವರೇ. ಮಗನ ಕೈಗೆ ಬಂದ ಮೇಲೆ ಚೌಕಟ್ಟು ಕಟ್ಟುವ ಅಂಗಡಿಯಾಯಿತು. ಮೂಸ್ ಕಡವೆಯ ಕ್ಯಾಲೆಂಡರು, ಸರೋವರದ ಸೂರ್ಯಾಸ್ತ. ನವೆಂಬರಿನಲ್ಲಿ ಅದನ್ನೂ ಕೇಳುವವರಿಲ್ಲ. ನಮ್ಮ ಸ್ಲೈಡುಗಳನ್ನು ಯಂತ್ರಕ್ಕೆ ಹಾಕಿ ಪ್ರತಿ ತೆಗೆದುಕೊಟ್ಟವನೂ ಈ ವೆಂಡಲ್ಲೇ.

ಗಂಟೆ ಕಿಣಿಗುಟ್ಟಿದ ಸದ್ದಿಗೆ ಅವನು ರಟ್ಟು ಕೊಯ್ಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಬಾರಮ್ಮ. ಈ ಸಲ ಏನಂತ ಬೈಯಕ್ಕೆ ಕಳ್ಸಿದಾಳೆ ಬರ್ನೀಸು?"

ನಾನು ಸ್ಲೈಡನ್ನು ಮೇಜಿನ ಮೇಲಿಟ್ಟೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ.

"ಇದನ್ನ ಕೊಂಡೋರು ಯಾರು?"

ಅವನು ಕನ್ನಡಕ ಹಣೆಗೆ ಏರಿಸಿ ನೋಡಿದ. "ಆಗ್ಲೇ ಹೇಳಿದೀನಲ್ಲ. ಅಪ್ಪನ ಕಾಲದ್ದು. ಟೊರೊಂಟೊ ಕಡೆಯೋರು ಯಾರೋ ಎಲ್ಲಾನೂ ಒಯ್ದಿರ್ಬೇಕು."

"ಒಯ್ದಿರ್ಬೇಕು ಅಂದ್ರೆ? ನಿಮ್ಮಪ್ಪ ಹೇಳಿದ್ರಾ?"

"ಅಪ್ಪ ಯಾಕೆ ಹೇಳ್ಬೇಕು? ನಂಗೇನು ಕಣ್ಣಿಲ್ವಾ?" ಉಗುರಿನಿಂದ ಮೂಲೆ ತಟ್ಟಿದ. "ನೋಡು. ಪ್ರದರ್ಶನದಲ್ಲಿ ಒಂದು ಚಿತ್ರ ಮಾರಾಟ ಆಯ್ತು ಅಂದ್ರೆ ಪಕ್ಕದಲ್ಲಿ ಕೆಂಪು ಚುಕ್ಕಿ ಅಂಟಿಸ್ತಾರೆ. ಎಳೇ ಮಗೂಗೂ ಗೊತ್ತು. ನಿಮ್ಮಮ್ಮನ ಹದಿನಾಲ್ಕಕ್ಕೂ ಚುಕ್ಕಿ ಬಿದ್ದಿದೆ. ಖುಷಿ ಪಡು."

ಅವನು ಸುಳ್ಳು ಹೇಳುತ್ತಾನೆ ಎಂದುಕೊಂಡು ಬಂದಿದ್ದೆ. ಸುಳ್ಳು ಹೇಳುವಾಗ ಕಣ್ಣು ಎಲ್ಲಿ ಹೋಗುತ್ತದೆ, ಕೈ ಏನು ಮಾಡುತ್ತದೆ ಎಂದು ನೋಡಲು ಸಿದ್ಧಳಾಗಿದ್ದೆ. ಅವನ ಕಣ್ಣು ನೆಟ್ಟಗೆ ನನ್ನ ಮೇಲಿತ್ತು. ಅವನು ಹೇಳಿದ್ದನ್ನು ಅವನು ನಂಬಿದ್ದ.



"ವೆಂಡಲ್, ನಮ್ಮ ಕಪಾಟಿನಲ್ಲಿ ಸಾವಿರದ ಆರುನೂರು ಸ್ಲೈಡಿದೆ. ಎಲ್ಲಕ್ಕೂ ಚುಕ್ಕಿ ಇದೆ."

"ಇದ್ರೆ ಇರ್ಲಿ."

"ಈ ಊರಲ್ಲಿ ಬರೆದ ಚಿತ್ರ ಒಂದೂ ಬಿಡದೆ ಮಾರಾಟ ಆಯ್ತಾ?"

ಅವನು ನಕ್ಕ. "ನಮ್ಮೂರ ಜನ ಅಂಥೋರಲ್ಲ ಬಿಡು."

"ಬಂದರಿನ ಹತ್ರ ಧಾನ್ಯದ ಕಣಜದ ಗೋಡೆ ಮೇಲೆ ಬರೆದಿದ್ದಾರಲ್ಲ, ದೊಡ್ಡ ಮೀನು, ಅದರ ಸ್ಲೈಡಿಗೂ ಚುಕ್ಕಿ ಇದೆ. ಆ ಗೋಡೆನ ಯಾರು ಹೊತ್ಕೊಂಡ್ಹೋದ್ರು?"

ನಗು ಅವನ ಬಾಯಲ್ಲಿಯೇ ಉಳಿಯಿತು, ಮುಖದಿಂದ ಹೋಯಿತು.

ನಾನು ಸ್ಲೈಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. "ಚುಕ್ಕಿ ಎಡಗಡೆ ಕೆಳಗಿರ್ಬೇಕು. ಆಗ ಚಿತ್ರ ನೆಟ್ಟಗೆ. ನೀವು ಚೌಕಟ್ಟಿನ ಮೇಲಿನ ಫಿಲ್ಮ್ ಕಂಪನಿ ಹೆಸರು ನೋಡಿ ಯಂತ್ರಕ್ಕೆ ಹಾಕಿದ್ರಿ. ಇದೊಂದರಲ್ಲಿ ಆ ಅಕ್ಷರಾನೇ ತಲೆಕೆಳಗಿದೆ. ಚುಕ್ಕಿ ಮಾರಾಟದ್ದಲ್ಲ."

ಅವನು ರಟ್ಟು ಕೊಯ್ಯುವ ಚಾಕುವನ್ನು ಮೆಲ್ಲಗೆ ಕೆಳಗಿಟ್ಟ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಅಯ್ಯೋ ದೇವರೇ. ನಾನು ಅವಳಿಗೆ ಹಾಗೇ ಬರೆದುಬಿಟ್ಟೆನಲ್ಲ."

ನಾನು ಅವನನ್ನೇ ನೋಡುತ್ತಾ ನಿಂತೆ. ಮಾತಾಡದೆ ನಿಂತವರ ಎದುರು ಜನ ಹೇಗಾದರೂ ಮಾಡಿ ಆ ಜಾಗವನ್ನು ತುಂಬುತ್ತಾರೆ. ಇದನ್ನು ನಾನು ಯಾವ ಶಾಲೆಯಲ್ಲೂ ಕಲಿತಿದ್ದಲ್ಲ.

"ಹಾಗೆ ನೋಡ್ಬೇಡ. ಹೇಳ್ಬೇಡಿ ಅಂತ ನಿಮ್ಮಮ್ಮನೇ ಅಂದಿದ್ಲು."

"ಯಾವಾಗ?"

"ಹೋದ ವರ್ಷ ಏಪ್ರಿಲ್ಲಲ್ಲಿ. ನಿಮ್ಮ ತಾಣದಲ್ಲಿ ಈ ಅಂಗಡಿ ವಿಳಾಸ ಸಿಕ್ತು ಅಂತ ಮೇಲ್ ಬರೆದಿದ್ಲು."

ನಮ್ಮ ತಾಣದಲ್ಲಿ. ಆ ವಿಳಾಸದ ಕೊಂಡಿ ಸತ್ತಿದೆ ಎಂದು ಕಂಡು, ಫೋನ್ ಮಾಡಿ, ಸರಿಮಾಡಿದ್ದು ನಾನು.

ಅವನು ಗಣಕದ ಮುಂದೆ ಕೂತು ಹುಡುಕಿದ. ನಾನು ಹಿಂದೆ ನಿಂತೆ. ಸಿಕ್ಕಿತು. ನಾಲ್ಕೇ ಸಾಲು.

'ನನ್ನ ಹದಿನಾಲ್ಕು ಚಿತ್ರಗಳು ಇನ್ನೂ ನಿಮ್ಮಲ್ಲಿವೆಯೇ? ಇದ್ದರೆ ಬಂದು ನೋಡುತ್ತೇನೆ. ನಾನು ಬರೆದಿದ್ದೇನೆಂದು ಹುಡುಗಿಗೆ ಹೇಳಬೇಡಿ. ಬರುವ ಧೈರ್ಯ ಬಂದರೆ ನಾನೇ ಹೇಳುತ್ತೇನೆ.'

ಕೆಳಗೆ ವೆಂಡಲ್ ಉತ್ತರ: 'ಎಲ್ಲವೂ ಮಾರಾಟವಾಗಿವೆ. ಇಲ್ಲಿ ನಿಮ್ಮದೇನೂ ಉಳಿದಿಲ್ಲ.'

ಅದನ್ನು ಎರಡು ಸಲ ಓದಿದೆ. ಹುಡುಗಿ ಎಂಬ ಪದದ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಹೆಸರು ಬರೆಯಲಾರದೆ ಹಾಗೆ ಬರೆದಳೋ, ಹೆಸರು ಬರೆಯುವ ಹಕ್ಕಿಲ್ಲ ಅಂದುಕೊಂಡಳೋ.

"ನಿಮ್ಮದೇನೂ ಉಳಿದಿಲ್ಲ ಅಂತ ಯಾಕೆ ಬರೆದ್ರಿ?"

"ಚಿತ್ರದ ವಿಷಯ ಬರೆದಿದ್ದು ತಾಯಿ, ಚಿತ್ರದ್ದು!"

ನಾನು ತಲೆಯಾಡಿಸಿದೆ. ಅವನಿಗೆ ಅದು ಚಿತ್ರದ ವಿಷಯವೇ ಇರಬಹುದು. ಓದಿದವಳಿಗೆ?

"ಮಾರಾಟ ಆಗ್ದಿದ್ರೆ ಚಿತ್ರ ಎಲ್ಲಿ ಹೋದ್ವು?" ಎಂದು ಅವನೇ ಕೇಳಿಕೊಂಡ. ಆಮೇಲೆ ಇಬ್ಬರೂ ಒಟ್ಟಿಗೆ ನೆಲ ನೋಡಿದೆವು. ಅದರ ಕೆಳಗೆ ನೆಲಮಾಳಿಗೆಯಿತ್ತು.

*

"ಅಪ್ಪ ಹೋದ ಮೇಲೆ ನಾನು ಈ ಚರಣಿಗೆ ಕಡೆ ಬಂದಿಲ್ಲ. ಬಾಯ್ಲರ್ ನೋಡಕ್ಕೆ ಇಳಿದ್ರೂ ಅದಿರೋದು ಆ ಕಡೆ," ಎನ್ನುತ್ತಾ ವೆಂಡಲ್ ನೆಲಮಾಳಿಗೆಯ ದೀಪ ಹಾಕಿದ.

ಗೋಡೆಗೆ ಒರಗಿಸಿದ ಮರದ ಚರಣಿಗೆ. ಅದರಲ್ಲಿ ಕಂದು ಕಾಗದದ ಕಟ್ಟುಗಳು, ಪುಸ್ತಕಗಳ ಹಾಗೆ ನಿಂತಿದ್ದವು. ಒಂದನ್ನು ಅರ್ಧ ಎಳೆದೆ. ಹಿಂದುಗಡೆ ಮುದುಕ ಪ್ರಾಕ್ಟರ್ ಅವರ ಪೆನ್ಸಿಲ್ ಅಕ್ಷರ: ರಾಂತಾಲಾ, ೨೦೫. ಮುಂದಿನದು, ೨೦೬.

ಹದಿನಾಲ್ಕೂ ಇದ್ದವು. ಇನ್ನೂರ ಹನ್ನೆರಡರ ದಾರ ಬಿಚ್ಚಿ ನೆಟ್ಟಗೆ ನಿಲ್ಲಿಸಿದೆ. ನೀಲಿ ಮೇಲೆ, ಗೆರೆ ಕೆಳಗೆ. ಅದು ನೀರಾಗಿರಲಿಲ್ಲ. ಮಲಗಿರುವ ಮಗುವಿನ ಕಣ್ಣಿನಿಂದ ನೋಡಿದರೆ ಮೇಲೆ ಬಾಗುವ ಕೋಣೆಯ ಕತ್ತಲು, ಬಾಗಿಲ ಸಂದಿಯ ಬೆಳಕು. ಆ ಕೋಣೆಯಲ್ಲಿ ನಾನು ಮಲಗಿದ್ದೆ. ಯಾರೂ ಹೇಳದೆಯೇ ಗೊತ್ತಾಯಿತು.

"ಇಲ್ಲಿ ಇನ್ನೊಂದಿದೆ," ವೆಂಡಲ್ ಕರೆದ. "ಹದಿನೈದು."

ಹದಿನೈದನೆಯದಕ್ಕೆ ಸುತ್ತಿದ್ದು ಕಂದು ಕಾಗದವಲ್ಲ, ದಿನಪತ್ರಿಕೆ. ದಿನಾಂಕ ನೋಡಿದೆ. ನಮಗೆ ದೂರು ಬಂದ ಮರುದಿನದ್ದು.

ಬಣ್ಣ ಕಾಗದಕ್ಕೆ ಅಂಟಬಾರದೆಂದು ನಾಲ್ಕು ಮೂಲೆಗೂ ಬಿರಡೆಯ ಚೂರು ಇಟ್ಟಿದ್ದರು. ಕಾಗದ ಬಿಡಿಸಿದೊಡನೆ ಅಗಸೆ ಎಣ್ಣೆಯ ವಾಸನೆ ಏರಿತು. ದಪ್ಪಗೆ ಬಣ್ಣ ಮೆತ್ತಿದ ಕಡೆ ಬೆರಳಿಟ್ಟೆ. ಹೆಬ್ಬೆರಳು ನೀಲಿಯಾಯಿತು.

"ನಾನಂತೂ ತಂದಿಟ್ಟಿಲ್ಲ," ಎಂದ ವೆಂಡಲ್, ಕೇಳುವ ಮೊದಲೇ. "ಹಿಂಬಾಗಿಲ ಕೀಲಿ ಅಪ್ಪ ಕಲಾವಿದರಿಗೆಲ್ಲ ಒಂದೊಂದು ಕೊಟ್ಟಿದ್ರು. ಬೀಗ ಬದಲಾಯ್ಸಿಲ್ಲ. ಅಂದ್ರೆ ಅವಳು ಇಲ್ಲಿಗೆ ಬಂದಿದ್ಲು. ಎಲ್ಲಾನೂ ಇದೆ ಅಂತ ನೋಡಿದ್ಲು. ಆದ್ರೂ ಒಯ್ದಿಲ್ವಲ್ಲ?"

"ಒಯ್ಯೋಕೆ ಬಂದಿರ್ಲಿಲ್ಲ. ಇಡಕ್ಕೆ ಬಂದಿದ್ಲು."

ಚಿತ್ರವನ್ನು ದೀಪದ ಕೆಳಗೆ ತಂದೆ. ಅಮ್ಮ ಹೀಗೆ ಬರೆದದ್ದನ್ನು ನಾನು ನೋಡಿರಲಿಲ್ಲ. ಇದರಲ್ಲಿ ಬೀದಿ ಇತ್ತು. ಬೀದಿಯಾಚೆ ಬೇಕರಿ. ಬೇಕರಿಯ ಮೇಲೆ ಒಂದು ಹಳದಿ ಕಿಟಕಿ. ಕಿಟಕಿಯಲ್ಲಿ ತಲೆ ಬಗ್ಗಿಸಿ ಕೂತ ಒಂದು ಆಕೃತಿ, ಬೆರಳುಗುರಿನಷ್ಟು ದೊಡ್ಡದು. ಮುಖ ಬರೆದಿರಲಿಲ್ಲ. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದ ರೀತಿ ನನ್ನದು.

ವೆಂಡಲ್ ಏನೋ ಹೇಳುತ್ತಿದ್ದ. ನನಗೆ ಕೇಳಿಸಲಿಲ್ಲ. ನಾನು ಬೇಕರಿಯ ಬಾಗಿಲ ಮೇಲೆ ಚಾಚಿದ ನೆರಳುಬಟ್ಟೆಯನ್ನು ನೋಡುತ್ತಿದ್ದೆ. ಅದರ ಬೆನ್ನಿಗೆ ಹಸಿರು ತೇಪೆಯೊಂದನ್ನು ಬರೆದಿದ್ದಳು. ಆ ತೇಪೆ ಇದೆ. ಆದರೆ ಬೀದಿಯಲ್ಲಿ ನಡೆಯುವವರಿಗೆ ಅದು ಕಾಣುವುದಿಲ್ಲ. ಮೇಲಿನಿಂದ ನೋಡಿದವರಿಗೆ ಮಾತ್ರ ಕಾಣುತ್ತದೆ.

ನಮ್ಮ ಎದುರಿನ ಕಟ್ಟಡದಲ್ಲಿ ಕೆಳಗೆ ಬಟ್ಟೆ ಒಗೆಯುವ ಅಂಗಡಿ, ಮೇಲೆ ಮೂರು ಮಹಡಿಗೆ ವಾರದ ಬಾಡಿಗೆಯ ಕೋಣೆಗಳು. ಚಿತ್ರದ ಎಡ ಅಂಚಿನಲ್ಲಿ ಕಪ್ಪು ಕಂಬಿಗಳನ್ನು ಬರೆದಿದ್ದಳು. ಬೆಂಕಿ ಬಿದ್ದರೆ ಇಳಿಯುವ ಕಬ್ಬಿಣದ ಏಣಿ. ಅಂಥ ಏಣಿ ಆ ಕಟ್ಟಡಕ್ಕೆ ಒಂದೇ ಇದೆ, ಮೂರನೆಯ ಮಹಡಿಯ ಕೊನೆಯ ಕಿಟಕಿಗೆ.

ದಿನಾ ತಲೆಯೆತ್ತಿದರೆ ಕಾಣುವ ಕಿಟಕಿ. ನಾನು ತಲೆಯೆತ್ತುತ್ತಿರಲಿಲ್ಲ. ಪರದೆಯ ಮೇಲೆ ಹ್ಯಾಲಿಫ್ಯಾಕ್ಸ್‌ವರೆಗೂ ಹುಡುಕುತ್ತಿದ್ದೆ.

"ಸಾಯ್ಮಿ! ಕೋಟು ಬಿಟ್ಟೆ!" ವೆಂಡಲ್ ಮೆಟ್ಟಿಲ ಮೇಲಿಂದ ಕೂಗಿದ. ನಾನಾಗಲೇ ಬೀದಿಯಲ್ಲಿದ್ದೆ.

*

ಬಟ್ಟೆ ಒಗೆಯುವ ಅಂಗಡಿಯ ಯಜಮಾನಿ ಮಡಚುತ್ತಿದ್ದ ಹೊದಿಕೆಯ ಮೇಲಿಂದ ನನ್ನನ್ನು ನೋಡಿದಳು.

"ಮೂರನೇ ಮಹಡಿ, ಕೊನೇ ಕೋಣೆ. ಯಾರಿದಾರೆ?" ಉಸಿರು ಸಿಗುತ್ತಿರಲಿಲ್ಲ.

"ಒಬ್ಬಳು ಹೆಂಗಸು. ಬೇಸಿಗೆಯಿಂದ ಇದಾಳೆ. ಮಾತಿಲ್ಲ, ಕತೆಯಿಲ್ಲ. ಒಗೆಯೋಕೆ ಹಾಕಿದ್ದರ ತುಂಬಾ ಬಣ್ಣ. ನನ್ನ ಯಂತ್ರ ಹಾಳು." ಹೊದಿಕೆ ಕೆಳಗಿಟ್ಟು ನನ್ನನ್ನು ಮತ್ತೊಮ್ಮೆ ನೋಡಿದಳು. "ನೀನು ಅವಳಿಗೇನಾಗ್ಬೇಕು?"

ಮೆಟ್ಟಿಲು ಹತ್ತಿದೆ.

ಮೂರನೆಯ ಮಹಡಿಯ ಓಣಿಯಲ್ಲಿ ಯಾರದೋ ಒದ್ದೆ ಬೂಟುಗಳಿದ್ದವು. ಕೊನೆಯ ಬಾಗಿಲ ಬಳಿ ಅಗಸೆ ಎಣ್ಣೆಯ ವಾಸನೆ. ಒಳಗೆ ನಲ್ಲಿ ಸುರಿಯುತ್ತಿತ್ತು.

ಬಾಗಿಲಿಗೆ ಪಿನ್ನಿನಿಂದ ಚುಚ್ಚಿದ ಹೆಸರಿನ ಚೀಟಿ ಇತ್ತು. ನೋಡಿದೆ. ಮತ್ತೆ ನೋಡಿದೆ. ಕೈಬರಹ ಅಮ್ಮನದು, ಸ್ಲೈಡುಗಳ ಮೇಲಿನದೇ.

ಹೆಸರು ಅವಳದಾಗಿರಲಿಲ್ಲ.

ಸಾಯ್ಮಿ ರಾಂತಾಲಾ, ಎಂದಿತ್ತು.

ಆ ಹೆಸರನ್ನು ಯಾವ ಊರಿನ ಯಾವ ಪೆಟ್ಟಿಗೆಯಲ್ಲೂ ನಾನು ಬರೆದು ನೋಡಿರಲಿಲ್ಲ. ಎಷ್ಟು ವರ್ಷದಿಂದ ಅವಳು ನನ್ನ ಹೆಸರಿನಲ್ಲಿ ಬದುಕುತ್ತಿದ್ದಾಳೆ? ಯಾರಿಂದ ಅಡಗಲು ಅವಳಿಗೆ ನನ್ನ ಹೆಸರು ಬೇಕಾಯಿತು?

ತಟ್ಟಿದೆ.

ನಲ್ಲಿ ನಿಂತಿತು.

"ನಾನು," ಎಂದೆ. ಹೆಸರು ಹೇಳಲು ಹೋದೆ. ಚೀಟಿಯ ಮೇಲೆ ಅದು ಆಗಲೇ ಇತ್ತು.

ಒಳಗೆ ಒಂದು ಕುರ್ಚಿ ಸರಿದ ಸದ್ದು. ನಾನು ಹಣೆಯನ್ನು ಮರಕ್ಕೆ ಆನಿಸಿ ನಿಂತೆ. ಕೆಳಗೆ ಒಗೆಯುವ ಯಂತ್ರವೊಂದು ತಿರುಗಿ, ಗಡಗಡ ನಡುಗಿ, ನಿಂತುಹೋಯಿತು.

"ಅಮ್ಮಾ, ಬಾಗಿಲು ತೆಗಿ."